ಬೂದ ಕಂಬದ ಮೇಲೆ ಬರೆದದ್ದು

ಭೂಮಿ ಇನ್ನೂ ಹಸಿಯಾಗಿದ್ದ ಕಾಲ ಅದು. ಗುಡ್ಡದ ಮೇಲೆ ಕಾಲಿಟ್ಟರೆ ಹೆಜ್ಜೆ ಮೂಡುತ್ತಿತ್ತು. ಯಾವ ಕಡೆಯಿಂದ ಹುಟ್ಟಬೇಕು ಅಂತ ಸೂರ್ಯನಿಗೆ ದಿನಾ ಬೆಳಿಗ್ಗೆ ಕೋಳಿ ಹೇಳಿಕೊಡಬೇಕಾಗಿತ್ತು. ಗಾಳಿ, ಹಳ್ಳ, ಗಿಡ, ಇರುವೆ ಎಲ್ಲವೂ ಮಾತಾಡುತ್ತಿದ್ದವು. ನಾಯಿಯೂ ಮಾತಾಡುತ್ತಿತ್ತು. ಏನು, ನಂಬಿಕೆ ಬರಲಿಲ್ಲವೇ? ಬರದಿದ್ದರೆ ಬೇಡ ಬಿಡಿ. ನಾಯಿಯ ಮಾತನ್ನು ಯಾರೂ ನಂಬದೆ ಹೋದದ್ದರಿಂದಲೇ ಈ ಕಥೆ ಹುಟ್ಟಿದ್ದು.

ಆ ಕಾಲದಲ್ಲಿ ಯಾವ ನಾಯಿಯೂ ಕಾಲೆತ್ತಿ ಉಚ್ಚೆ ಹೊಯ್ಯುತ್ತಿರಲಿಲ್ಲ. ಮುಖ ಸಿಂಡರಿಸಬೇಡಿ. ನಾಯಿ ಕಥೆ ಬೇಕು ಅಂತ ಕೂತವರು ನೀವು. ಉಚ್ಚೆ ಇಲ್ಲದ ನಾಯಿ ಕಥೆಯನ್ನು ಎಲ್ಲಿಂದ ತರೋಣ? ಆಗಿನ ನಾಯಿಗಳು ಕಂಡಲ್ಲಿ ಕುಕ್ಕರಿಸಿ, ಕೆಲಸ ಮುಗಿಸಿ, ಹಿಂದೆ ತಿರುಗಿ ನೋಡದೆ ಹೋಗುತ್ತಿದ್ದವು. ಒಬ್ಬರದನ್ನು ಇನ್ನೊಬ್ಬರು ಮೂಸುವ ಪದ್ಧತಿಯೂ ಇರಲಿಲ್ಲ.

ಕುರುಚಲು ಕಾಡಿನ ಅಂಚಿಗೆ ಒಂದು ಊರು. ಆ ಊರಲ್ಲಿ ಮಾಳವ್ವ ಅಂತ ಒಬ್ಬಳು. ನೆಲ ಸಾರಿಸುವುದನ್ನು ಲೋಕಕ್ಕೆ ಕಲಿಸಿದವಳೇ ಅವಳು. ಅದಕ್ಕೂ ಮುಂಚೆ ಜನ ದೂಳಿನಲ್ಲೇ ಉಂಡು ದೂಳಿನಲ್ಲೇ ಮಲಗುತ್ತಿದ್ದರು. ಸಗಣಿಗೆ ಎಷ್ಟು ನೀರು ಬೆರೆಸಬೇಕು, ಕೈಯನ್ನು ಎಡದಿಂದ ಬಲಕ್ಕೆ ಹೇಗೆ ಬೀಸಬೇಕು, ಯಾವ ಹೊತ್ತಿಗೆ ಬಾಗಿಲು ತೆರೆದು ಒಣಗಲು ಬಿಡಬೇಕು, ಇದೆಲ್ಲ ಅವಳ ಕೈಗೆ ಗೊತ್ತಿತ್ತು. ಊರಿನ ನಲವತ್ತು ಮನೆಯ ನೆಲವನ್ನೂ ಅವಳೇ ಸಾರಿಸಬೇಕು. ಸಾರಿಸಿದ ಮೇಲೆ ಹೊಸಿಲ ಮುಂದೆ ಬಿಳಿ ಕಲ್ಲಿನ ಪುಡಿಯಲ್ಲಿ ಒಂದು ರಂಗೋಲಿ ಬಿಡಬೇಕು. ಅವಳ ಸ್ವಂತ ಮನೆಯ ನೆಲವನ್ನಂತೂ ನೋಡುವುದಕ್ಕೇ ಪಕ್ಕದ ಊರುಗಳಿಂದ ಜನ ಬರುತ್ತಿದ್ದರು. ಬಂದವರು ಹೊರಗೇ ನಿಂತು ನೋಡಿ ಹೋಗುತ್ತಿದ್ದರು, ಒಳಗೆ ಕಾಲಿಡಲು ಅವರಿಗೇ ಮನಸ್ಸು ಬರುತ್ತಿರಲಿಲ್ಲ.

ಆ ನೆಲದ ಮೇಲೆ ಧಾರಾಳವಾಗಿ ಕಾಲು ಚಾಚಿ ಮಲಗುತ್ತಿದ್ದವನು ಒಬ್ಬನೇ, ಬೂದ. ಬೂದಿ ಬಣ್ಣದ ನಾಯಿ, ಅದಕ್ಕೇ ಆ ಹೆಸರು. ಕಾಡು ಬಿಟ್ಟು ಮನುಷ್ಯರ ಮನೆಯೊಳಗೆ ಬಂದ ಮೊದಲ ನಾಯಿ ಅವನೇ. ಬಂದ ದಿನ ಊರಿನ ಯಜಮಾನ ದೊಡ್ಡಬೋರಯ್ಯ ಅವನನ್ನು ಹೊಸಿಲಲ್ಲೇ ನಿಲ್ಲಿಸಿದ್ದ.

"ನೀನು ಮನೆ ಕಾಯಬೇಕು. ನಿನಗೆ ದಿನಕ್ಕೊಂದು ಮುದ್ದೆ, ಮಲಗಕ್ಕೆ ಜಾಗ. ಹೊಸಿಲ ಒಳಗೆ ಮಾತ್ರ ಉಚ್ಚೆ ಹೊಯ್ಯಕೂಡದು. ಒಪ್ಪಿಗೇನಾ?"

ಬೂದ ಹೊಸಿಲ ಮೇಲೆ ಬಲಗಾಲಿಟ್ಟು ಮಾತು ಕೊಟ್ಟ. ಏಳು ವರ್ಷ ಆ ಮಾತಿಗೆ ನಡೆದ. ಮಳೆ ಹೊಡೆದರೂ ಹೊರಗೆ ಹೋಗಿ ನೆನೆದು ಬಂದ, ಒಳಗೆ ಒಂದು ತೊಟ್ಟು ಬೀಳಿಸಲಿಲ್ಲ. ಏಳು ವರ್ಷ ಕಣ್ರೋ. ನಿಮ್ಮಲ್ಲಿ ಯಾರು ಏಳು ವರ್ಷ ಹಾಸಿಗೆ ಒದ್ದೆ ಮಾಡದೆ ಇದ್ದೀರೋ ಕೈಯೆತ್ತಿ ನೋಡೋಣ. ಬೂದನನ್ನು ನೋಡಿ ಊರಿನ ಉಳಿದ ಮನೆಯವರೂ ಒಂದೊಂದು ನಾಯಿ ಸಾಕಿಕೊಂಡರು.

ಎಂಟನೇ ವರ್ಷದ ಒಂದು ಬೆಳಿಗ್ಗೆ ಮಾಳವ್ವ ನಡುಮನೆಗೆ ಬಂದಳು. ಕಾಲಿಗೆ ಏನೋ ತಣ್ಣಗೆ ತಾಗಿತು. ಬೀಸುಕಲ್ಲಿನ ಪಕ್ಕ, ನಿನ್ನೆ ತಾನೇ ಸಾರಿಸಿದ ನೆಲದ ಮೇಲೆ, ಅಂಗೈ ಅಗಲ ಒದ್ದೆ. ಮೊದಲು ಸೂರು ನೋಡಿದಳು. ಮಳೆ ಬಂದಿರಲಿಲ್ಲ. ಕೊಡ ನೋಡಿದಳು. ಅದು ಸೋರಿರಲಿಲ್ಲ. ಆಮೇಲೆ ಬಗ್ಗಿ ಮೂಸಿದಳು.

"ಬೂದ, ಏನೋ ಇದು?"

ಬೂದ ಕಿವಿ ಇಳಿಬಿಟ್ಟುಕೊಂಡು ಮೂಲೆಯಲ್ಲಿ ನಿಂತಿದ್ದ. "ಗೊತ್ತಿಲ್ಲ ಕಣವ್ವ. ನಾನು ಮಾಡಲಿಲ್ಲ. ತಾನಾಗೇ ಆಯ್ತು."

"ತಾನಾಗೇ ಆಗೋದು ಮಳೆ. ಇದು ಮಳೆಯಲ್ಲ."

"ಬಾಗಿಲ ತನಕ ಹೋಗೋಣ ಅಂತ ಎದ್ದೆ. ಅಷ್ಟರಲ್ಲೇ ಆಗೋಯ್ತು. ಒಳಗೆ ಉರಿ ಬೇರೆ."

"ಉರಿಯಂತೆ. ಈ ನೆಲ ನೋಡಿ ನನಗೆಷ್ಟು ಉರೀತಿದೆ ಗೊತ್ತಾ?" ಅಂದು ಮಾಳವ್ವ ಬೈದಳು. ಸಗಣಿ ತಂದು ಆ ಜಾಗವನ್ನು ಮತ್ತೆ ಸಾರಿಸಿದಳು. ಗುರುತು ಅಳಿದುಹೋಯಿತು. ಮಾಳವ್ವನ ಕೈಗೆ ಅಳಿಸುವುದು ಬಹಳ ಚೆನ್ನಾಗಿ ಬರುತ್ತಿತ್ತು.

ಮಾರನೇ ದಿನ ಎರಡು ಕಡೆ ಒದ್ದೆ. ಅದರ ಮಾರನೇ ದಿನ ನಾಲ್ಕು ಕಡೆ. ಬೂದ ಬಾಗಿಲಿಗೂ ಮೂಲೆಗೂ ಹತ್ತು ಸಲ ತಿರುಗುತ್ತಿದ್ದ. ಹೊರಗೆ ಬಿಟ್ಟರೆ ಕುಕ್ಕರಿಸಿ ಕೂತೇ ಇರುತ್ತಿದ್ದ, ಏನೂ ಬರುತ್ತಿರಲಿಲ್ಲ. ಒಳಗೆ ಬಂದ ಗಳಿಗೆಗೆ ತೊಟ್ಟು ತೊಟ್ಟಾಗಿ ಬಿದ್ದುಬಿಡುತ್ತಿತ್ತು. ನೋಡಿದವರಿಗೆ ಬೇಕು ಬೇಕೂಂತಲೇ ಮಾಡಿದ ಹಾಗೆ ಕಾಣುತ್ತಿತ್ತು.

ಪಕ್ಕದ ಮನೆಯ ಓಬಕ್ಕ ಹಾಗೇ ಅಂದಳು. ಓಬಕ್ಕ ಕೆಟ್ಟವಳಲ್ಲ, ಆದರೆ ಯಾರ ಮನೆಯ ಗಂಟಿಗೂ ಅವಳ ಹತ್ತಿರ ಒಂದು ಕತ್ತರಿ ಇರುತ್ತಿತ್ತು.

"ಸೊಕ್ಕು ಕಣೆ ಅದಕ್ಕೆ. ಏಳು ವರ್ಷ ನೆಟ್ಟಗಿದ್ದದ್ದು ಈಗ್ಯಾಕೆ ಹಿಂಗಾಡುತ್ತೆ? ಒಂದು ಕೆಲಸ ಮಾಡು. ಮೂಗು ಹಿಡಿದು ಅದರದೇ ಒದ್ದೆಗೆ ತಿಕ್ಕು. ಅದು ನೀರು ಕುಡಿಯೋ ಮರಿಗೇನ ಕವುಚಿ ಹಾಕು. ಕುಡಿಯೋದು ನಿಂತ್ರೆ ಹೊಯ್ಯೋದೂ ನಿಲ್ಲುತ್ತೆ."

ಕೇಳುವುದಕ್ಕೆ ಎಷ್ಟು ಸರಿಯಾಗಿದೆ ನೋಡಿ. ಬುದ್ಧಿವಂತರೆಲ್ಲ ಎಡವುವುದು ಇಂಥ ಜಾಗದಲ್ಲೇ. ಮಾಳವ್ವನೂ ಎಡವಿದಳು. ಬೂದನ ಕುತ್ತಿಗೆ ಹಿಡಿದು ಮೂಗನ್ನು ಒದ್ದೆ ನೆಲಕ್ಕೆ ಒತ್ತಿದಳು. ಬಾಗಿಲ ಪಕ್ಕದ ಮರದ ಮರಿಗೆಯನ್ನು ಬೋರಲು ಹಾಕಿದಳು. ಬೂದ ತಿರುಗಿ ಗುರ್ ಅನ್ನಲಿಲ್ಲ, ಕೊಸರಾಡಲೂ ಇಲ್ಲ.

"ಅವ್ವ, ಉರಿ ಕಣವ್ವ" ಅಂದ ಅಷ್ಟೆ.

ನೀರು ನಿಂತು ಮೂರು ದಿನವಾಯಿತು. ಉಚ್ಚೆ ನಿಲ್ಲಲಿಲ್ಲ. ಇನ್ನೂ ಹೆಚ್ಚು ಕಡೆ, ಇನ್ನೂ ಚಿಕ್ಕ ಚಿಕ್ಕ ತೊಟ್ಟು. ಬೂದ ಮುದ್ದೆ ಮೂಸಿ ಬಿಟ್ಟುಬಿಡುತ್ತಿದ್ದ. ಬೆನ್ನು ಬಾಗಿಹೋಗಿತ್ತು. ಸುದ್ದಿ ಓಬಕ್ಕನ ಬಾಯಿಂದ ಹೊರಟು, ನಲವತ್ತು ಮನೆ ಸುತ್ತಿ, ಯಜಮಾನನ ಜಗಲಿಗೆ ಬಂತು.

ದೊಡ್ಡಬೋರಯ್ಯನಿಗೆ ಎಲ್ಲದಕ್ಕೂ ಒಂದು ಕಟ್ಟಳೆ ಬೇಕು. ಕಟ್ಟಳೆ ಇಲ್ಲದೆ ಅವನಿಗೆ ಉಂಡದ್ದು ಅರಗುತ್ತಿರಲಿಲ್ಲ. ಕಗ್ಗಲಿ ಮರದ ಒಂದು ದಪ್ಪ ಕಂಬ ಕಡಿಸಿ, ಊರ ಬಾಗಿಲಲ್ಲಿ ಗುಂಡಿ ತೋಡಿಸಿ, ನೆಡಿಸಿದ.

"ಮಾತು ಮುರಿದ ನಾಯಿ ಈ ಕಂಬದ ಆಚೆ. ನಾಳೆ ಬೆಳಿಗ್ಗೆ ಬಂದು ನಾನೇ ಅಟ್ತೀನಿ" ಅಂತ ಸಾರಿದ.

ಕಂಬದ ಆಚೆ ಏನಿತ್ತು ಗೊತ್ತಲ್ಲ? ಕುರುಚಲು ಕಾಡು, ಕಾಡಿನಲ್ಲಿ ಚಿರತೆ. ಬೆನ್ನು ಬಾಗಿದ ನಾಯಿ ಅಲ್ಲಿ ಎರಡು ದಿನ ಬದುಕಿದರೆ ಹೆಚ್ಚು. ಮಾಳವ್ವನಿಗೂ ಇದು ಗೊತ್ತಿತ್ತು. ಅವಳಿಗೆ ಬೂದನ ಮೇಲೆ ಕೋಪವಿತ್ತು, ನಿಜ. ಆದರೆ ಅವನಿಲ್ಲದ ನಡುಮನೆಯನ್ನು ನೆನೆಸಿಕೊಂಡರೆ ಎದೆ ಭಾರವಾಗುತ್ತಿತ್ತು. ಊರೇ ಒಂದು ಮಾತಾಡಿದಾಗ ತಾನೊಬ್ಬಳು ಏನು ಹೇಳಲಿ ಅಂತ ಸುಮ್ಮನಿದ್ದಳು.

ಬೆಳಗಾಯಿತು. ಮಾಳವ್ವ ದಿನದ ಹಾಗೆ ಹೊಸಿಲ ಮುಂದೆ ಸಾರಿಸಿ, ಅದು ಒಣಗಿದ ಮೇಲೆ ರಂಗೋಲಿ ಇಡಲು ಕೂತಳು. ಅವತ್ತು ಕೈ ಓಡಲಿಲ್ಲ. ಎಳೆ ಎಳೆಯುವ ಬದಲು ಪುಡಿ ದಪ್ಪಕ್ಕೆ ಸುರಿದುಹೋಯಿತು, ಒಂದು ತಟ್ಟೆಯಷ್ಟು ಜಾಗ ಪೂರ್ತಿ ಬೆಳ್ಳಗಾಯಿತು. ಅಳಿಸಿ ಮತ್ತೆ ಇಡೋಣ ಅನ್ನುವಷ್ಟರಲ್ಲಿ ದೊಡ್ಡಬೋರಯ್ಯ ಬಂದ, ಹಿಂದೆ ಓಬಕ್ಕ, ಅವಳ ಹಿಂದೆ ಅರ್ಧ ಊರು.

"ಎಲ್ಲಿ ನಿನ್ನ ನಾಯಿ?"

ಬೂದ ತಾನೇ ಎದ್ದು ಬಂದ. ಹೊಸಿಲು ದಾಟಿದ. ಎರಡು ಹೆಜ್ಜೆ ಇಡುವಷ್ಟರಲ್ಲಿ ತಡೆಯಲಾಗದೆ, ಆ ಬಿಳಿ ಪುಡಿಯ ಮೇಲೇ ಕುಕ್ಕರಿಸಿಬಿಟ್ಟ. ಮೂರು ತೊಟ್ಟು ಬಿತ್ತು.

"ನೋಡಿದಿರೇನ್ರಪ್ಪ, ರಂಗೋಲಿ ಮೇಲೆ. ನಮ್ಮ ಕಣ್ಣೆದುರಿಗೇ" ಅಂದ ದೊಡ್ಡಬೋರಯ್ಯ.

"ಸೊಕ್ಕು ಅಂದ್ರೆ ಇದೇ" ಅಂದಳು ಓಬಕ್ಕ.

ಎಲ್ಲರೂ ನಾಯಿಯನ್ನು ನೋಡುತ್ತಿದ್ದರು. ಮಾಳವ್ವ ನೆಲ ನೋಡುತ್ತಿದ್ದಳು. ಬೇರೆಯವರು ಮುಖ ನೋಡುವ ಹೊತ್ತಿಗೆ ನೆಲ ನೋಡುವುದು ಅವಳ ಹುಟ್ಟುಗುಣ. ಬಿಳಿ ಪುಡಿಯ ಮೇಲೆ ಆ ಮೂರು ತೊಟ್ಟು ಕೆಂಪಗೆ ಹರಡುತ್ತಿತ್ತು.

ರಕ್ತ.

ಇಷ್ಟು ದಿನ ಸಗಣಿ ಸಾರಿಸಿದ ಕಪ್ಪು ನೆಲದ ಮೇಲೆ ಅವಳಿಗೆ ಬಣ್ಣ ಕಂಡೇ ಇರಲಿಲ್ಲ. ಅಲ್ಲಿ ಎಲ್ಲ ಒದ್ದೆಯೂ ಒಂದೇ ಥರ. ಕಾಣುವ ಮೊದಲೇ ಅವಳು ಸಾರಿಸಿ ಅಳಿಸಿಯೂ ಬಿಡುತ್ತಿದ್ದಳು. ಉರಿ ಕಣವ್ವ, ಉರಿ ಕಣವ್ವ ಅಂತ ಅವನು ಮೊದಲ ದಿನದಿಂದ ಹೇಳಿದ್ದು ಈಗ ಒಟ್ಟಿಗೇ ಕಿವಿಗೆ ಬಂದು ಬಿತ್ತು. ಅವಳು ಹಾಗೇ ಎದ್ದು ನಿಂತಳು.

"ಯಜಮಾನ್ರೇ, ಬಗ್ಗಿ ನೋಡಿ. ಇದು ಸೊಕ್ಕಲ್ಲ. ಇವನಿಗೆ ನೋವಾಗ್ತಿದೆ."

"ನೋವೋ ನಲಿವೋ, ಮಾತು ಮುರಿದಿದ್ದು ನಿಜ ತಾನೇ?"

"ಮಾತು ಅವನು ಮುರಿಯಲಿಲ್ಲ. ಅವನ ಮೈ ಮುರೀತು. ನಿಮಗೆ ಜ್ವರ ಬಂದಾಗ ವಾಂತಿ ಮಾಡ್ಕೊಂಡ್ರಲ್ಲ, ಹೋದ ವರ್ಷ, ನಿಮ್ಮ ನಡುಮನೇಲಿ. ಅದನ್ನ ಸಾರಿಸಿದವಳು ನಾನು. ನಿಮ್ಮನ್ನ ಯಾವ ಕಂಬದ ಆಚೆ ಅಟ್ಟಿದ್ವಿ?"

ಹಿಂದೆ ಯಾರೋ ಕಿಸಕ್ಕೆಂದರು. ದೊಡ್ಡಬೋರಯ್ಯನ ಮುಖ ಕೆಂಪೇರಿತು. "ಕಟ್ಟಳೆ ಕಟ್ಟಳೆಯೇ. ನಾಯಿ ಹೊರಡಲಿ."

"ಹೊರಡುತ್ತೆ. ಜೊತೇಲಿ ನಾನೂ ಹೊರಡ್ತೀನಿ."

"ನೀನು ಹೋದ್ರೆ ನಮ್ಮ ನೆಲ ಸಾರಿಸೋರು ಯಾರೆ?" ಅಂದಳು ಓಬಕ್ಕ ಗಾಬರಿಯಿಂದ.

"ನಿಮಗೂ ಎರಡೆರಡು ಕೈ ಇದಾವಲ್ಲ" ಅಂದಳು ಮಾಳವ್ವ.

ಒಂದು ಮಡಕೆ, ಒಂದು ಕಂಬಳಿ, ರಂಗೋಲಿ ಪುಡಿಯ ಚೀಲ, ಒಂದಿಷ್ಟು ರಾಗಿ ಹಿಟ್ಟು, ಬೋರಲು ಬಿದ್ದಿದ್ದ ಮರಿಗೆ, ಇಷ್ಟನ್ನು ಬುಟ್ಟಿಗೆ ಹಾಕಿ ತಲೆ ಮೇಲಿಟ್ಟುಕೊಂಡಳು. ಬೂದನನ್ನು ಮಗುವಿನ ಹಾಗೆ ಸೊಂಟಕ್ಕೆ ಏರಿಸಿಕೊಂಡಳು. ಊರ ಬಾಗಿಲಿನ ಕಂಬದ ಪಕ್ಕ ಹಾದು ಹೋದಳು. ತಿರುಗಿ ನೋಡಲಿಲ್ಲ.

ಕಾಡಂಚಿನಲ್ಲಿ ಒಂದು ಹಳ್ಳ ಹರಿಯುತ್ತಿತ್ತು. ಆ ಹಳ್ಳ ಮಹಾ ಬಾಯಿಬಡುಕಿ, ಬೆಳಗಿನಿಂದ ಸಂಜೆ ತನಕ ಮಾತು ನಿಲ್ಲಿಸುತ್ತಿರಲಿಲ್ಲ. ಮಾಳವ್ವ ದಡದಲ್ಲಿ ಬುಟ್ಟಿ ಇಳಿಸಿದ್ದೇ ತಡ, ಶುರುಮಾಡಿತು.

"ಯಾರವ್ವ, ನೆಲದ ಮಾಳವ್ವನೇ? ಸೊಂಟದ ಮೇಲೇನದು, ನಾಯಿಯೇ? ಯಾಕೆ ಬೆನ್ನು ಬಗ್ಗಿದೆ?"

ಮಾಳವ್ವ ನಡೆದದ್ದನ್ನೆಲ್ಲ ಹೇಳಿದಳು. ಮರಿಗೆ ಕವುಚಿದ ಮಾತು ಬಂದಾಗ ಅವಳ ದನಿ ಸಣ್ಣದಾಯಿತು. ಹಳ್ಳ ಅವತ್ತು ಮೊದಲ ಸಲ ಮಾತು ನಿಲ್ಲಿಸಿ ಪೂರ್ತಿ ಕೇಳಿತು. ಕೇಳಿ ಮುಗಿದ ಮೇಲೆ ಸರಿಯಾಗಿ ಬೈಯಿತು.

"ನಿನಗೆ ಬುದ್ಧಿ ಇದೆಯೇನೆ? ನನ್ನನ್ನೇ ನೋಡು. ದಿನಾ ಎಷ್ಟು ಕಲ್ಲು, ಎಷ್ಟು ಮರಳು ಸಾಗಿಸ್ತೀನಿ. ಬೇಸಿಗೇಲಿ ನೀರು ಕಡಿಮೆಯಾದಾಗ ಮರಳು ತಳಕ್ಕೆ ಕೂತು ಗಟ್ಟಿಯಾಗುತ್ತೆ. ಸಂದೀಲಿ ಕಲ್ಲು ಸಿಕ್ಕಿಕೊಳ್ಳುತ್ತೆ. ಆಗ ನಾನೂ ಹಿಂಗೇ ತೊಟ್ಟು ತೊಟ್ಟಾಗಿ ಒಸರ್ತೀನಿ. ಇವನ ಒಳಗೂ ಅದೇ ಆಗಿರೋದು. ಸಿಕ್ಕಿದ ಕಲ್ಲನ್ನ ತಳ್ಳಕ್ಕೆ ನೀರು ಬೇಕು. ನೀನು ನೋಡಿದ್ರೆ ಇದ್ದ ನೀರನ್ನೂ ಕಿತ್ಕೊಂಡಿದ್ದೀಯ."

"ತಪ್ಪಾಯ್ತು ಕಣವ್ವ. ಈಗೇನು ಮಾಡಲಿ?"

"ಮರಿಗೆ ತುಂಬ್ಸು. ಖಾಲಿಯಾದ ಹಂಗೆ ಮತ್ತೆ ತುಂಬ್ಸು. ಅವನು ಎದ್ದಾಗಲೆಲ್ಲ ಎದ್ದು ಹೊರಗೆ ಕರ್ಕೊಂಡು ಹೋಗು, ನೂರು ಸಲ ಆದ್ರೂ ಸರಿ. ಒದ್ದೆ ಮಾಡ್ಕೊಂಡ್ರೆ ಬಾಯಿ ಮುಚ್ಕೊಂಡು ಒರೆಸು."

ಬಾಯಿ ಮುಚ್ಚಿಕೋ ಅಂತ ಆ ಹಳ್ಳವೇ ಹೇಳಬೇಕಾಗಿ ಬಂತು ನೋಡಿ.

ಮಾಳವ್ವ ಮರಿಗೆ ತುಂಬಲು ಎರಡು ಹೆಜ್ಜೆ ಇಟ್ಟಳು. ಅಂಗಾಲಿಗೆ ಮುಳ್ಳು ಚುಚ್ಚಿತು. ನೆಲಕ್ಕೆ ಹರಡಿಕೊಂಡು ಬೆಳೆಯುತ್ತದಲ್ಲ ನೆಗ್ಗಿಲು, ಸಣ್ಣ ಹಳದಿ ಹೂವು, ಮೂರು ಮೂಲೆಯ ಮುಳ್ಳಿನ ಕಾಯಿ, ಅದೇ.

"ಹಾಳಾದ್ದು" ಅಂದಳು ಮಾಳವ್ವ.

"ಬೈ, ಬೈ. ಎಲ್ಲರೂ ಬೈಯೋದು ನನ್ನನ್ನೇ" ಅಂದಿತು ನೆಗ್ಗಿಲು. "ಆ ನಾಯಿಗೂ ನನಗೂ ಒಂದೇ ಪಾಡು. ಕಾಲಿಗೆ ಸಿಕ್ಕಿದ್ದು ನನ್ನ ತಪ್ಪು, ನೋಡದೆ ಕಾಲಿಟ್ಟಿದ್ದು ನಿನ್ನ ತಪ್ಪಲ್ಲ, ಅಲ್ವಾ? ಇರಲಿ. ನನ್ನ ಕಾಯಿ ಹತ್ತು ಕಿತ್ಕೊ. ಜಜ್ಜಿ ನೀರಿಗೆ ಹಾಕಿ ಕುದಿಸು, ಅರ್ಧಕ್ಕೆ ಇಳಿಸು. ಆರಿದ ಮೇಲೆ ಕುಡಿಸು. ಉರಿ ನಾನು ತಣ್ಣಗೆ ಮಾಡ್ತೀನಿ, ಕಲ್ಲನ್ನ ಹಳ್ಳ ತಳ್ಳಲಿ."

ಮಾಳವ್ವ ಮುಳ್ಳು ಕೀಳುವ ಮೊದಲು ನೆಗ್ಗಿಲಿಗೆ ಕೈಮುಗಿದಳು. ಆಮೇಲೆ ಅದು ಹೇಳಿದ ಹಾಗೇ ಕಾಯಿ ಕುದಿಸಿ ಬೂದನಿಗೆ ಕುಡಿಸಿ, ಹುಣಸೆ ಮರದ ಕೆಳಗೆ ನಾಲ್ಕು ಕೊಂಬೆ ನಿಲ್ಲಿಸಿ ಗುಡಿಸಲು ಕಟ್ಟಿದಳು, ರಾತ್ರಿ ಚಿರತೆ ಬಾರದ ಹಾಗೆ ಬೆಂಕಿ ಹಾಕಿದಳು. ಅದರ ನೆಲ ಸಾರಿಸಲಿಲ್ಲ. ಒಣಹುಲ್ಲು ಹಾಸಿದಳು, ಬೂದ ಒದ್ದೆ ಮಾಡಿದರೆ ತೆಗೆದು ಬೇರೆ ಹುಲ್ಲು ಹಾಸಿದಳು. ಮೊದಲ ದಿನ ಹನ್ನೆರಡು ಸಲ ಹಾಸಿದಳು. ಗುಡಿಸಲ ಮುಂದೆ ಬಿಳಿ ಪುಡಿ ಸುರಿದು ಒಂದು ಜಾಗ ಮಾಡಿಟ್ಟಳು. ಬೂದ ಅಲ್ಲಿಗೆ ಹೋಗಿ ಬಂದಾಗಲೆಲ್ಲ ಬಗ್ಗಿ ಬಣ್ಣ ನೋಡಿದಳು. ಕೆಂಪು. ಎರಡನೇ ದಿನ ಕೆಂಪು. ಮೂರನೇ ದಿನವೂ ಕೆಂಪು.

ಆ ಮೂರನೇ ದಿನ ಸಂಜೆ ಅವಳ ಧೈರ್ಯ ಕುಸಿಯಿತು. ಬೂದನ ತಲೆ ತೊಡೆ ಮೇಲಿಟ್ಟುಕೊಂಡು ಹೇಳಿದಳು. "ಮೊದಲ ದಿನಾನೇ ಉರಿ ಅಂದಿದ್ದೆ ಕಣೋ. ನಿನ್ನ ಮಾತಿಗಿಂತ ನನಗೆ ನನ್ನ ನೆಲ ದೊಡ್ಡದಾಯ್ತು. ನಿನ್ನ ಮೂಗು ಹಿಡಿದು ತಿಕ್ಕಿದೆನಲ್ಲ, ಈ ಕೈ ಮುರಿದುಹೋಗಬಾರದಿತ್ತಾ."

"ನೀರು ಕೊಡವ್ವ" ಅಂದ ಬೂದ. ಅವಳು ಕೊಟ್ಟಳು. ಅವನು ಮರಿಗೆ ಪೂರ್ತಿ ಖಾಲಿ ಮಾಡಿದ.

ನಾಲ್ಕನೇ ದಿನ ಕೆಂಪು ಸ್ವಲ್ಪ ತಿಳಿಯಾಯಿತು. ಆರನೇ ದಿನ ಬೂದ ಮುದ್ದೆ ಕೇಳಿದ. ಒಂಬತ್ತನೇ ದಿನ ಬೆಳಿಗ್ಗೆ ಬಿಳಿ ಪುಡಿಯ ಮೇಲೆ ಟಪ್ ಅಂತ ಏನೋ ಬಿತ್ತು. ಮಾಳವ್ವ ಹೆಕ್ಕಿ ನೋಡಿದಳು. ರಾಗಿಕಾಳಿನಷ್ಟು ಒಂದು ಕಲ್ಲು, ಅಂಚೆಲ್ಲ ಚೂಪು. ಅದರ ಹಿಂದೆಯೇ ಒಂದೇ ಧಾರೆ ಹರಿಯಿತು, ತುಂಬಾ ಹೊತ್ತು ಹರಿಯಿತು, ಕಟ್ಟೆ ಒಡೆದ ಹಾಗೆ. ಪುಡಿ ನೆನೆಯಿತು. ಬಣ್ಣ ಬದಲಾಗಲಿಲ್ಲ.

"ಉರಿ ಇಲ್ಲ ಕಣವ್ವ" ಅಂದ ಬೂದ. ಹಳ್ಳ ಊರಿಗೆಲ್ಲ ಕೇಳುವ ಹಾಗೆ ನಕ್ಕಿತು. ಮಾಳವ್ವ ಕಲ್ಲನ್ನು ಸೆರಗಿನ ತುದಿಗೆ ಕಟ್ಟಿಕೊಂಡು, ಕೂತಲ್ಲೇ ಅತ್ತಳು.

ಈಗ ಊರಿನ ಕಥೆಗೆ ಬನ್ನಿ. ಒಂಬತ್ತು ದಿನದಲ್ಲಿ ನಲವತ್ತು ಮನೆಯ ನೆಲವೂ ಬಿರುಕು ಬಿಟ್ಟಿತ್ತು. ಚಿಗಟ ತುಂಬಿತ್ತು. ಓಬಕ್ಕ ಸಾರಿಸಿದ ನೆಲ ಒಣಗಿ ಹಪ್ಪಳದ ಹಾಗೆ ಎದ್ದು ಬರುತ್ತಿತ್ತು. ದೊಡ್ಡಬೋರಯ್ಯ ತಾನೇ ಕೈ ಹಾಕಿದ, ನೀರು ಜಾಸ್ತಿ ಬೆರೆಸಿ, ತಾನೇ ಜಾರಿ, ಸಗಣಿಯಲ್ಲೇ ಕೂತ. ಈ ಸುದ್ದಿಯನ್ನೆಲ್ಲ ಹಳ್ಳದ ದಡಕ್ಕೆ ತಂದದ್ದು ಗಾಳಿ. ಯಜಮಾನನ ಮಾತನ್ನೂ ಅದೇ ತಂದಿತು.

"ಮಾಳವ್ವ ವಾಪಸ್ ಬರಬೇಕಂತೆ. ನಾಯೀನೂ ಬರಬಹುದಂತೆ. ಆದರೆ ಕಂಬದ ಮುಂದೆ ನಿಂತು ತಲೆ ತಗ್ಗಿಸಿ, ನನ್ನದು ಸೊಕ್ಕು, ತಪ್ಪಾಯ್ತು ಅಂತ ಎಲ್ಲರ ಎದುರಿಗೆ ಒಪ್ಪಿಕೊಂಡು ಒಳಗೆ ಬರಬೇಕಂತೆ."

ಮಾಳವ್ವನಿಗೆ ಮೈಯೆಲ್ಲ ಉರಿದುಹೋಯಿತು. ಅವಳು ಬಾಯಿ ತೆರೆಯುವ ಮೊದಲೇ ಬೂದ ಎದ್ದು ಮೈ ಕೊಡವಿಕೊಂಡ.

"ಬರ್ತೀನಿ ಅಂತ ಹೇಳು" ಅಂದ ಗಾಳಿಗೆ. "ತಲೆ ತಗ್ಗಿಸ್ತೀನಿ ಅಂತ ಮಾತ್ರ ಹೇಳಬೇಡ."

ಗಾಳಿ ಮೊದಲಿನದನ್ನು ಹೇಳಿತು, ಎರಡನೆಯದನ್ನು ನುಂಗಿಕೊಂಡಿತು. ಅದಕ್ಕೂ ಸ್ವಲ್ಪ ತಮಾಷೆ ಬೇಕಾಗಿತ್ತು ಅಂತ ಕಾಣುತ್ತದೆ.

ಹೊರಡುವ ಮೊದಲು ಬೂದ ಮರಿಗೆಗೆ ಬಾಯಿ ಹಾಕಿ ಕುಡಿದ. ಮತ್ತೆ ತುಂಬಿಸು ಅಂದ, ಅದನ್ನೂ ಕುಡಿದ. ಹಳ್ಳಕ್ಕೇ ಇಳಿದು ಇನ್ನೂ ಕುಡಿದ. "ಸಾಕು ಕಣೋ" ಅಂದಳು ಮಾಳವ್ವ. "ಬೇಕಾಗುತ್ತೆ ಕಣವ್ವ" ಅಂದ ಅವನು.

ಊರ ಬಾಗಿಲಲ್ಲಿ ಎಲ್ಲರೂ ಸೇರಿದ್ದರು. ದೊಡ್ಡಬೋರಯ್ಯ ಕಂಬಕ್ಕೆ ಒರಗಿ ನಿಂತಿದ್ದ. ಉಳಿದ ಮನೆಯ ನಾಯಿಗಳು ತಮ್ಮ ತಮ್ಮ ಯಜಮಾನರ ಹಿಂದೆ ಬಾಲ ಮಡಚಿಕೊಂಡು ಕೂತಿದ್ದವು. ಇವತ್ತು ಬೂದ ತಲೆ ತಗ್ಗಿಸಿದರೆ ನಾಳೆ ಜ್ವರ ಬಂದಾಗ, ಮುಪ್ಪು ಬಂದಾಗ, ತಾವೂ ತಗ್ಗಿಸಬೇಕು ಅಂತ ಅವುಗಳಿಗೆ ಗೊತ್ತಿತ್ತು.

"ಹೂಂ, ತಗ್ಗಿಸು" ಅಂದ ದೊಡ್ಡಬೋರಯ್ಯ, ಕಂಬದಿಂದ ಸರಿದು ನಿಂತು.

ಬೂದ ಕಂಬದ ಹತ್ತಿರ ಬಂದ. ಅದನ್ನು ಮೇಲಿಂದ ಕೆಳಗೆ ಮೂಸಿದ. ಒಂದು ಸುತ್ತು ಸುತ್ತಿದ. ಎಲ್ಲರೂ ಉಸಿರು ಬಿಗಿಹಿಡಿದು, ತಲೆ ಈಗ ಬಗ್ಗುತ್ತೆ, ಈಗ ಬಗ್ಗುತ್ತೆ ಅಂತ ನೋಡುತ್ತಿದ್ದರು. ತಲೆ ಬಗ್ಗಲಿಲ್ಲ. ಹಿಂಗಾಲು ಎದ್ದಿತು.

ಭೂಮಿ ಹುಟ್ಟಿದ ಮೇಲೆ ನಾಯಿಯೊಂದು ಕಾಲೆತ್ತಿದ್ದು ಅದೇ ಮೊದಲು. ಕುಡಿದ ನೀರೆಲ್ಲ ಒಂದೇ ಧಾರೆಯಾಗಿ ಕಂಬಕ್ಕೆ ಹೊಡೆಯಿತು. ಹೊಡೆಯುತ್ತಲೇ ಇತ್ತು. ದೊಡ್ಡಬೋರಯ್ಯ ಕಣ್ಣು ಬಿಟ್ಟುಕೊಂಡು ನಿಂತ. ಓಬಕ್ಕ ಬಾಯಿಗೆ ಸೆರಗು ಅಡ್ಡ ಹಿಡಿದಳು. ಮಾಳವ್ವ ಬುಟ್ಟಿ ಇಳಿಸಿ, ಒಂದು ಹಿಡಿ ರಂಗೋಲಿ ಪುಡಿ ತೆಗೆದು, ಕಂಬದ ಬುಡದ ಒದ್ದೆಯ ಮೇಲೆ ಚೆಲ್ಲಿದಳು.

"ಬಣ್ಣ ನೋಡಿ ಯಜಮಾನ್ರೇ. ಅವತ್ತು ಕೆಂಪಗಿತ್ತು, ಇವತ್ತು ಬೆಳ್ಳಗೇ ಇದೆ. ನೀವಂದ ಸೊಕ್ಕು ಇದೇ" ಅಂತ ಸೆರಗಿನ ಗಂಟು ಬಿಚ್ಚಿ ಆ ಕಲ್ಲನ್ನು ಅವನ ಅಂಗೈಗೆ ಹಾಕಿದಳು. "ಇದನ್ನ ಹೊಟ್ಟೇಲಿಟ್ಕೊಂಡು ನೀವು ಒಂದು ದಿನ ಮಾತಿಗೆ ನಡೀರಿ ನೋಡೋಣ."

ದೊಡ್ಡಬೋರಯ್ಯ ಕಲ್ಲನ್ನು ಬೆರಳಲ್ಲಿ ಒತ್ತಿದ. ಚುಚ್ಚಿತು. ಅವನು ಎರಡು ಹೆಜ್ಜೆ ಹಿಂದೆ ಸರಿದು ದಾರಿ ಬಿಟ್ಟ, ಅವನ ಜನ್ಮದಲ್ಲಿ ಅದೂ ಮೊದಲು.

ಆಗ ಬೂದ ಮಾತಾಡಿದ. ಮನುಷ್ಯರ ಮಾತಿನಲ್ಲಿ ಅವನು ಆಡಿದ ಕೊನೆಯ ಮಾತು ಅದು.

"ಬಾಯಲ್ಲಿ ಹೇಳಿದೆ, ನಂಬಲಿಲ್ಲ. ನೆಲದ ಮೇಲೆ ಬರೆದೆ, ಸಾರಿಸಿಬಿಟ್ಟಿರಿ. ಇನ್ನು ಮೇಲೆ ಕಂಬದ ಮೇಲೆ ಬರೀತೀನಿ. ಕಂಬ ಯಾರೂ ಸಾರಿಸಲ್ಲ. ಓದೋರು ಓದಲಿ."

ಮೊದಲು ಎದ್ದು ಬಂದದ್ದು ಯಜಮಾನನ ಮನೆಯ ನಾಯಿಯೇ. ಕಂಬ ಮೂಸಿತು. ಉರಿ ಇಲ್ಲ, ಕಲ್ಲಿಲ್ಲ, ಬೂದ ಗುಣವಾಗಿದ್ದಾನೆ ಅಂತ ಅದರ ಮೂಗಿಗೆ ತಿಳಿಯಿತು. ಅದೂ ಕಾಲೆತ್ತಿ ತನ್ನ ಸುದ್ದಿ ಬರೆಯಿತು. ಆಮೇಲೆ ಇನ್ನೊಂದು, ಮತ್ತೊಂದು. ಹೆಣ್ಣುನಾಯಿಗಳು ಮೂಸಿ ಓದಿಕೊಂಡು, ನಮಗಿಷ್ಟು ಆರ್ಭಟ ಬೇಡಮ್ಮ ಅಂತ ಪಕ್ಕದಲ್ಲಿ ಕೂತೇ ಬರೆದವು. ಸಂಜೆ ಹೊತ್ತಿಗೆ ಕಂಬ ಬುಡದಿಂದ ಮೊಣಕಾಲೆತ್ತರಕ್ಕೆ ನೆನೆದಿತ್ತು. ಆ ಕಂಬದ ಹೆಸರು ಹೇಳಿ ಯಾರನ್ನೂ ಹೊರಗೆ ಅಟ್ಟುವ ಧೈರ್ಯ ಆಮೇಲೆ ಯಾವ ಯಜಮಾನನಿಗೂ ಬರಲಿಲ್ಲ.

ಮಾಳವ್ವ ಊರಿಗೆ ಬಂದಳು, ಆದರೆ ಒಂದು ಮಾತು ಹಾಕಿ ಬಂದಳು. ಯಾವ ಮನೆಯ ಬಾಗಿಲಲ್ಲಿ ನೀರು ತುಂಬಿದ ಮರಿಗೆ ಇರುತ್ತದೋ ಆ ಮನೆ ನೆಲ ಮಾತ್ರ ಸಾರಿಸುತ್ತೇನೆ ಅಂದಳು. ಮರುದಿನವೇ ನಲವತ್ತು ಮರಿಗೆ ಬಂದವು. ಓಬಕ್ಕನದೇ ಎಲ್ಲಕ್ಕಿಂತ ದೊಡ್ಡದು.

ಬೂದ ಮತ್ತೆ ಮಾತಾಡಲಿಲ್ಲ, ಅವನನ್ನು ನೋಡಿ ಬೇರೆ ನಾಯಿಗಳೂ ಮಾತು ಬಿಟ್ಟವು. ಮಾಳವ್ವ ಎಷ್ಟೋ ಸಲ ಕೇಳಿದಳು, ಒಂದೇ ಒಂದು ಸಲ ಅವ್ವ ಅನ್ನೋ ಅಂದಳು. ಅವನು ಅನ್ನಲಿಲ್ಲ. ಅವಳಿಗೆ ಅದು ಕೊನೆಯ ತನಕ ನೋವೇ. ಆದರೆ ಅವಳು ಕೇಳಿದಾಗಲೆಲ್ಲ ಅವನು ಹತ್ತಿರ ಬಂದು, ಅವಳು ನೆಲಕ್ಕೆ ಒತ್ತಿದ್ದ ಆ ಮೂಗನ್ನೇ, ಒದ್ದೆ ಮೂಗನ್ನು, ಅವಳ ಅಂಗೈಯೊಳಗೆ ಇಡುತ್ತಿದ್ದ. ಅವಳು ದಿನಾ ಬೆಳಿಗ್ಗೆ ಅವನ ಹಿಂದೆ ಹೋಗಿ, ಬಗ್ಗಿ, ಅವನು ಬಿಟ್ಟದ್ದರ ಬಣ್ಣ ನೋಡಿ ಬರುತ್ತಿದ್ದಳು. ಅವರಿಬ್ಬರ ಮಾತುಕತೆ ಇಷ್ಟೇ ಉಳಿಯಿತು, ಇಷ್ಟರಲ್ಲೇ ನಡೆಯಿತು.

ನಮ್ಮ ಬೀದಿಯ ದೀಪದ ಕಂಬದ ಹತ್ತಿರ ನಾಯಿ ನಿಂತು ಅಷ್ಟು ಹೊತ್ತು ಮೂಸುವುದು, ಒಂದು ಸುತ್ತು ಸುತ್ತಿ ಕಾಲೆತ್ತುವುದು, ಇದಕ್ಕೇ. ಥೂ ಅಂತ ಕಲ್ಲೆತ್ತಿಕೊಳ್ಳಬೇಡಿ, ಅದು ಓದಿ ಮುಗಿಸಲಿ. ವರ್ಷಗಟ್ಟಲೆ ಮಾತಿಗೆ ನಡೆದ ನಿಮ್ಮ ಮನೆಯ ನಾಯಿ ಒಂದು ದಿನ ನಡುಮನೆಯಲ್ಲಿ ಒದ್ದೆ ಮಾಡಿ ಕಿವಿ ಇಳಿಬಿಟ್ಟುಕೊಂಡು ಮೂಲೆಯಲ್ಲಿ ನಿಂತರೆ, ಬಟ್ಟೆ ತಂದು ಒರೆಸುವ ಮೊದಲು ಬಗ್ಗಿ ಬಣ್ಣ ನೋಡಿ, ಯಾಕೆಂದರೆ ಅದು ಬಾಯಲ್ಲಿ ಒಮ್ಮೆ ಹೇಳಿಯಾಗಿದೆ, ನಾವು ಕೇಳಲಿಲ್ಲ.